ಹತ್ತದ ಎರಡು ಕಡ್ಡಿ

ನನ್ನ ಮೂಗು ಸತ್ತು ಎರಡು ವರ್ಷವಾಗಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಒಂದು ಕೆಟ್ಟ ಜ್ವರ ಬಂತು, ಹೋಗುವಾಗ ವಾಸನೆಯನ್ನೂ ಹೊತ್ತುಕೊಂಡು ಹೋಯಿತು. ಹೇಳಿದ್ದರೆ ಸೊಸೆ ನಿಶಾ ಮರುದಿನವೇ ನನ್ನನ್ನು ಅಡುಗೆಮನೆಯಿಂದ ಎಬ್ಬಿಸಿ ಟಿವಿ ಮುಂದೆ ಕೂರಿಸುತ್ತಿದ್ದಳು. ಹಟ್ಟಿಕೇರಿಯಲ್ಲಿ ಗಂಗೂನ ಮೀನುಸಾರು ಎಂದರೆ ಅಕ್ಕಪಕ್ಕದವರು ಬಟ್ಟಲು ಹಿಡಿದು ಬರುತ್ತಾರೆ. ಅದನ್ನು ಬಿಟ್ಟುಕೊಡಲು ನನಗೇನು ಹುಚ್ಚೇ? ಕಿವಿರಿನ ಕೆಂಪು ನೋಡಿ ಮೀನು ಕೊಳ್ಳುತ್ತಿದ್ದೆ, ಕೈಯಂದಾಜಿನಲ್ಲಿ ಮಸಾಲೆ ಕಡೆಯುತ್ತಿದ್ದೆ. ಯಾರಿಗೂ ತಿಳಿಯಲಿಲ್ಲ.

ನಿಶಾಳಿಗೆ ಕರೆಂಟಿನ ಒಲೆಯ ಆಸೆ. ಒಂದು ಇಂಡಕ್ಷನ್ ಒಲೆ ತಂದು, "ಅತ್ತೆ, ಬೆಂಕಿನೇ ಇಲ್ಲ, ಹೆದ್ರಿಕೆನೂ ಇಲ್ಲ" ಎಂದಳು. ನಾನು ನನ್ನ ಮಣ್ಣಿನ ಮಡಕೆಯನ್ನು ಅದರ ಮೇಲಿಟ್ಟೆ. ಅದು ಕುಂಯ್ ಕುಂಯ್ ಎಂದು ಆರಿಹೋಯಿತು.

"ನೋಡು, ನಿನ್ನ ಒಲೆಗೆ ನನ್ನ ಮಡಕೆ ಕಂಡ್ರೇ ಆಗೂದಿಲ್ಲ. ಬಂಗಡೆ ಸಾರನ್ನ ಎಂತದ್ರಲ್ಲಿ ಮಾಡ್ಲಿ, ಕುಕ್ಕರಿನಲ್ಲಾ?"

ಗ್ಯಾಸೇ ಗೆದ್ದಿತು. ಇಂಡಕ್ಷನ್ ಒಲೆ ಫ್ರಿಜ್ಜಿನ ಮೇಲೆ ಕುಳಿತಿತು. ಕುಣಿಯಲಾರದವಳಿಗೆ ನೆಲ ಡೊಂಕು ಎಂದು ನಿಶಾ ಗೊಣಗಿದ್ದು ನನಗೆ ಕೇಳಿಸಿತು. ಕಿವಿ ಚೆನ್ನಾಗಿಯೇ ಇದೆ.

ಆಷಾಢದಲ್ಲಿ ದೋಣಿ ಕಡಲಿಗಿಳಿಯುವುದಿಲ್ಲ, ಒಣಮೀನೇ ಗತಿ. ಅದನ್ನು ಮಳೆಗಾಲದ ಥಂಡಿಯಿಂದ ಉಳಿಸಲು ನನ್ನ ಅತ್ತೆ ಒಲೆಯ ಮಗ್ಗುಲಲ್ಲೇ ಇಡುತ್ತಿದ್ದರು. ನಾನೂ ಒಣಮೀನಿನ ಡಬ್ಬಿಯನ್ನು ಒಲೆಕಟ್ಟೆಯ ಕೆಳಗೆ, ಸಿಲಿಂಡರಿಗೆ ತಾಗಿಸಿ ಇಟ್ಟಿದ್ದೆ. ಅತ್ತೆಯ ಕಾಲದ್ದು ಕಟ್ಟಿಗೆ ಒಲೆ ಎಂಬುದು ನನ್ನ ತಲೆಗೆ ಹೊಳೆಯಲಿಲ್ಲ.

ಕೆಲಸಕ್ಕೆ ಅಂಕೋಲೆಗೆ ಹೊರಡುವ ಮೊದಲು ನಿಶಾ ಮೂರು ದಿನ ಅದೇ ಮಾತು ಹೇಳಿದಳು. "ಅತ್ತೆ, ಅಡುಗೆಮನೇಲಿ ಎಂತದೋ ನಾತ ಬರ್ತದೆ."

"ಒಣಮೀನು ಮತ್ತೆ ಮಲ್ಲಿಗೆ ಹಾಂಗೆ ಪರಿಮಳ ಬರ್ತದೇನೆ?" ಎಂದು ನಾನು ಅವಳ ಬಾಯಿ ಮುಚ್ಚಿಸಿದೆ. ನಾಲ್ಕನೆಯ ದಿನ ಅವಳು ಏನೂ ಹೇಳದೆ ಕಿಟಕಿ ತೆರೆದಿಟ್ಟು ಹೋದಳು.

ಆ ದಿನ ಮಳೆಗೆ ಶಾಲೆಗೆ ರಜೆ. ಆರು ವರ್ಷದ ಮೊಮ್ಮಗಳು ದೀಕ್ಷಾ ನನ್ನ ಜೊತೆಗಿದ್ದಳು. ಒಂಬತ್ತಕ್ಕೆ ಕರೆಂಟು ಹೋಯಿತು. ಇರಚಲು ಒಳಗೆ ಬರುತ್ತಿದೆಯೆಂದು ಕಿಟಕಿ ಮುಚ್ಚಿದೆ. ಹನ್ನೊಂದಕ್ಕೆ ಮಡಕೆಯನ್ನು ಗ್ಯಾಸಿನ ಮೇಲಿಟ್ಟು ಕಡ್ಡಿ ಗೀರಿದೆ. ಮದ್ದು ಉದುರಿತು. ಇನ್ನೊಂದು ಗೀರಿದೆ. ಅದೂ ಥಂಡಿ ಹಿಡಿದು ಮೆತ್ತಗಾಗಿತ್ತು. ಮಳೆಗಾಲಕ್ಕೆಂದು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಕ್ಕಿಯಲ್ಲಿ ಹುಗಿದಿಟ್ಟ ಹೊಸ ಬೆಂಕಿಪೆಟ್ಟಿಗೆ ತೆಗೆದು, ಮೂರನೇ ಕಡ್ಡಿ ಕೈಗೆತ್ತಿಕೊಂಡೆ.

ನೆಲದ ಮೇಲೆ ಆಡುತ್ತಿದ್ದ ದೀಕ್ಷಾ, "ಅಜ್ಜೀ, ನಾತ. ತಲೆ ನೋಯ್ತದೆ" ಎಂದಳು.

"ಒಣಮೀನಿಂದು ಮಾರಾಯ್ತಿ. ನೀನೂ ನಿನ್ನ ಆಯಿ ಹಾಂಗೆ ಶುರು ಮಾಡ್ಬೇಡ."

ಸಿಟ್ಟಿನಲ್ಲಿ ಡಬ್ಬಿಯನ್ನೇ ಎತ್ತಿಕೊಂಡು ಹೋಗಿ ಜಗುಲಿಯಲ್ಲಿಟ್ಟು ಬಂದೆ. "ಈಗ ಹೋಯ್ತಾ?"

ಅವಳು ಬಗ್ಗಿ ನೆಲದ ಹತ್ತಿರ ಮೂಸಿದಳು. "ಇಲ್ಲ ಅಜ್ಜಿ. ಕೆಳಗೆ ಮತ್ತೂ ಜಾಸ್ತಿ."

ಕಡ್ಡಿ ಇನ್ನೂ ನನ್ನ ಕೈಯಲ್ಲೇ ಇತ್ತು. ಇದು ಒಣಮೀನಿನ ನಾತವಲ್ಲ, ನೆಲಕ್ಕಿಳಿದ ಗ್ಯಾಸು. ನನಗೆ ಅಷ್ಟು ಹೆದರಿಕೆ ಹಿಂದೆಂದೂ ಆಗಿರಲಿಲ್ಲ, ಹೆರಿಗೆಯಲ್ಲೂ ಇಲ್ಲ. ಕಡ್ಡಿಯನ್ನೂ ಬೆಂಕಿಪೆಟ್ಟಿಗೆಯನ್ನೂ ಪ್ಲಾಸ್ಟಿಕ್ ಚೀಲಕ್ಕೆ ತುರುಕಿ ಸೊಂಟಕ್ಕೆ ಸಿಕ್ಕಿಸಿ, ಮಗುವನ್ನು ಎತ್ತಿಕೊಂಡು ಮಳೆಯಲ್ಲೇ ಓಡಿ ಪಕ್ಕದ ಮನೆಯ ಬೀರಿಯ ಮಡಿಲಿಗೆ ಹಾಕಿದೆ.

ಆಮೇಲೆ ಫ್ರಿಜ್ಜಿನ ನೆನಪಾಯಿತು. ಕರೆಂಟು ಯಾವ ಗಳಿಗೆಯಲ್ಲಾದರೂ ಬರಬಹುದು. ಫ್ರಿಜ್ಜು ಟಕ್ ಎಂದು ಒಂದು ಕಿಡಿ ಹಾರಿದರೆ ಸಾಕು. ಓಡಿಬಂದು ಜಗುಲಿಯ ಗೋಡೆಯಲ್ಲಿದ್ದ ಮೇನ್ ಸ್ವಿಚ್ ಕೆಳಗೆಳೆದೆ.

"ಒಳಗೆ ಹೋಗ್ಬೇಡ್ವೇ ಗಂಗಕ್ಕಾ!" ಬೀರಿ ಕೂಗಿದಳು.

ಹೋಗದಿದ್ದರೆ ಸಿಲಿಂಡರು ಸುರಿಯುತ್ತಲೇ ಇರುತ್ತಿತ್ತು. ಉಸಿರು ಬಿಗಿಹಿಡಿದು ಹೋದೆ. ಮಡಕೆ, ಮಣೆ, ಹೆಚ್ಚಿಟ್ಟ ಈರುಳ್ಳಿ, ಎಲ್ಲ ಎಂದಿನಂತೆಯೇ ಇದ್ದವು. ಅದಕ್ಕೇ ನನಗೆ ಹೆಚ್ಚು ಭಯವಾಯಿತು. ಸಾವು ಮೊಣಕಾಲಿನವರೆಗೆ ತುಂಬಿ ನಿಂತಿದ್ದರೂ ನನಗೆ ಏನೆಂದರೆ ಏನೂ ಗೊತ್ತಾಗುತ್ತಿರಲಿಲ್ಲ. ರೆಗ್ಯುಲೇಟರ್ ತಿರುಗಿಸಿದೆ, ಕಿಟಕಿ, ಹಿಂಬಾಗಿಲು ತೆರೆದೆ. ರಬ್ಬರ್ ಪೈಪಿನಲ್ಲಿ ಇಲಿ ಕಚ್ಚಿದ ಗುರುತು. ಒಣಮೀನಿಗೆ ಬಂದ ಇಲಿ. ಡಬ್ಬಿಯನ್ನು ಅಲ್ಲಿಟ್ಟು ಅದನ್ನು ಕರೆದವಳು ನಾನು.

ಅಂಗಳಕ್ಕೆ ಬಂದು ನಿಂತೆ. ಸ್ವಲ್ಪ ಹೊತ್ತಿಗೆ ಬೀರಿಯ ಮನೆಯ ಟ್ಯೂಬ್‌ಲೈಟು ಮಿಣಕ್ ಎಂದು ಹತ್ತಿತು. ಕರೆಂಟು ಬಂದಿತ್ತು. ನಮ್ಮ ಮನೆ ಕತ್ತಲಾಗಿಯೇ ಇತ್ತು. ಅಲ್ಲೇ ಕೆಸರಿನಲ್ಲಿ ಕುಸಿದು ಕುಳಿತೆ.

ಬೀರಿಯ ಫೋನು ಹೋಗಿ ನಿಶಾ ರಿಕ್ಷಾದಲ್ಲಿ ಓಡಿಬಂದಳು. ಮಗಳನ್ನು ಅಪ್ಪಿಕೊಂಡು ಅತ್ತಳು. "ತಪ್ಪು ನಂದು ಅತ್ತೆ. ನೀವು ಬೈತೀರಿ ಅಂತ ಇವತ್ತು ಹೇಳೂದು ಬಿಟ್ಟೆ. ಇನ್ನೂ ಗಟ್ಟಿಯಾಗಿ ಹೇಳ್ಬೇಕಿತ್ತು."

ಸುಮ್ಮನಿರಬಹುದಿತ್ತು. ಇಲಿಯ ಮೇಲೆ ಹೊರಿಸಿದರೆ ಎಲ್ಲರೂ ಒಪ್ಪುತ್ತಿದ್ದರು. ಆದರೆ ತಾಯಿಯೊಬ್ಬಳು ನನ್ನ ತಪ್ಪನ್ನು ತನ್ನ ಮೇಲೆ ಎಳೆದುಕೊಂಡು ಅಳುವುದನ್ನು ನೋಡಲಾಗಲಿಲ್ಲ.

"ನಂಗೆ ವಾಸನೆ ಬರೂದಿಲ್ವೇ. ಎರಡು ವರ್ಷಾಯ್ತು."

ಅವಳು ನನ್ನ ಸೆರಗಿನ ಕೆಸರು ಒರೆಸಿದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಂಜೆ ಮಳೆ ಬಿಟ್ಟಿತು. ಮನೆಯಿಂದ ದೂರ, ಬಾವಿಕಟ್ಟೆಯ ಹತ್ತಿರ ಹೋಗಿ ಸೊಂಟದಿಂದ ಬೆಂಕಿಪೆಟ್ಟಿಗೆ ತೆಗೆದೆ. ಆ ಮೂರನೇ ಕಡ್ಡಿಯನ್ನು ಗೀರಿದೆ. ಒಂದೇ ಏಟಿಗೆ ಭಗ್ ಎಂದು ಹತ್ತಿತು.

ಬೆರಳು ಸುಡುವವರೆಗೂ ನೋಡುತ್ತ ನಿಂತಿದ್ದೆ. ಆಮೇಲೆ ಒಳಗೆ ಹೋಗಿ ಮಡಕೆಯನ್ನು ಅಟ್ಟಕ್ಕೆ ಏರಿಸಿ, ಫ್ರಿಜ್ಜಿನ ಮೇಲಿನ ಒಲೆಯನ್ನು ಇಳಿಸಿದೆ.

"ನಿಶಾ, ಬಾ ಇಲ್ಲಿ. ಇದನ್ನ ಹ್ಯಾಂಗೆ ಹಚ್ಚೂದು, ನಂಗೆ ತೋರ್ಸು."