ಕೆಳಗಿನ ಡಬ್ಬಿ

ಅಹಲ್ಯಾಬಾಯಿ ಮೂರು ವರ್ಷದಿಂದ ರಾಯಚೂರಿನ ಮನೆ ಬಿಟ್ಟು ಎಲ್ಲಿಗೂ ಹೋಗಿರಲಿಲ್ಲ. ಕರುಳಿನ ಆಪರೇಷನ್ ಆದ ಮೇಲೆ ಅವರ ಹೊಟ್ಟೆ ಅವರ ಮಾತು ಕೇಳುವುದನ್ನು ಬಿಟ್ಟಿತ್ತು. ದಿನಕ್ಕೆ ಎಂಟು ಸಲ, ಹತ್ತು ಸಲ, ಇದ್ದಕ್ಕಿದ್ದಂತೆ ಎದ್ದು ಓಡಬೇಕು. ಮಂಚದಿಂದ ಸಂಡಾಸಕ್ಕೆ ಹನ್ನೊಂದು ಹೆಜ್ಜೆ. ಅವರ ಪ್ರಪಂಚ ಅಷ್ಟಕ್ಕೆ ಬಂದು ನಿಂತಿತ್ತು. ಮದುವೆಗೆ, ಮುಂಜಿವೆಗೆ ಕರೆಯಲು ಬಂದವರಿಗೆ ‘ನೋಡೋಣ’ ಅನ್ನುತ್ತಿದ್ದರು. ಬಂದವರೂ ಅರ್ಥ ಮಾಡಿಕೊಂಡು ಒತ್ತಾಯ ಮಾಡುತ್ತಿರಲಿಲ್ಲ.

ಹೀಗಿರುವಾಗ ಮಾನ್ವಿಯಿಂದ ಫೋನ್ ಬಂತು. ಅಕ್ಕ ಗೋದಾಬಾಯಿಗೆ ಲಕ್ವಾ ಹೊಡೆದಿದೆ, ಮಲಗಿದಲ್ಲೇ ಎಲ್ಲ, ‘ಅಹಲ್ಯಾ ಎಲ್ಲಿ’ ಎಂಬುದೊಂದು ಬಿಟ್ಟರೆ ಬಾಯಲ್ಲಿ ಬೇರೆ ಮಾತಿಲ್ಲ ಎಂದು ಆಕೆಯ ಸೊಸೆ ಪೂರ್ಣಶ್ರೀ ಹೇಳಿದಳು. ತಾಯಿ ಸತ್ತಾಗ ಅಹಲ್ಯಾಬಾಯಿಗೆ ಐದು ವರ್ಷ. ಅವರಿಗೆ ಎರೆದು, ಉಣಿಸಿ, ಜಡೆ ಹಾಕಿ, ಕೊನೆಗೆ ಕೈ ಹಿಡಿದು ಮದುವೆಯ ಹಸೆಗೆ ತಂದು ಕೂರಿಸಿದ್ದು ಈ ಗೋದಕ್ಕ. ಮಾನ್ವಿ ಬೇರೆಯವರಿಗೆ ಒಂದು ತಾಸಿನ ದಾರಿ. ಒಂದು ತಾಸು ಬಸ್ಸಿನಲ್ಲಿ ಕೂಡುವ ಯೋಗ್ಯತೆ ತಮಗಿಲ್ಲವಲ್ಲ ಎಂದು ಅಹಲ್ಯಾಬಾಯಿ ಫೋನ್ ಇಟ್ಟು ಅತ್ತುಬಿಟ್ಟರು.

ಅವರ ಗಂಡ ಜಗನ್ನಾಥ ಮಾಸ್ತರರು ಮೂವತ್ತಾರು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತರಾದವರು. ಅವರು ಪ್ರೀತಿಯನ್ನು ಬಾಯಿಬಿಟ್ಟು ಹೇಳಿದ್ದನ್ನು ಯಾರೂ ಕೇಳಿಲ್ಲ. ಹೆಂಡತಿಗೆ ಮಾತ್ರೆ ಕೊಡುವಾಗಲೂ ತಪ್ಪು ಉತ್ತರ ಬರೆದ ವಿದ್ಯಾರ್ಥಿಯನ್ನು ನೋಡಿದ ಹಾಗೆ ನೋಡುವ ಆಸಾಮಿ. ಆದರೆ ಆ ವಾರದಲ್ಲೇ ಅವರು ಯಾವುದೋ ಶಾಲೆಯ ಹಳೆಯ ವ್ಯಾನು ಕೊಂಡು ತಂದರು. ಅದನ್ನು ಅಬ್ದುಲ್ ವಹೀದನ ಗ್ಯಾರೇಜಿನ ಮುಂದೆ ನಿಲ್ಲಿಸಿ, ಇದರೊಳಗೆ ಮಂಚ, ಒಲೆ, ನೀರಿನ ಟಾಕಿ, ಸಂಡಾಸ ಎಲ್ಲ ಆಗಬೇಕು ಎಂದರು. ಓಣಿಯವರು ಅದಕ್ಕೆ ‘ಸಂಡಾಸ ಗಾಡಿ’ ಎಂದು ಹೆಸರಿಟ್ಟು ನಕ್ಕರು. ಅಹಲ್ಯಾಬಾಯಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಸಂತೋಷವಾಯಿತು.

ವಹೀದ್ ಒಳ್ಳೆಯ ಕೆಲಸಗಾರ. ಕಮೋಡಿನ ಕೆಳಗೆ ಇಪ್ಪತ್ತು ಲೀಟರಿನ ಒಂದು ಡಬ್ಬಿ ಇಟ್ಟು, ಗಾಡಿಯ ಪಕ್ಕದಲ್ಲಿ ಸಣ್ಣ ಬಾಗಿಲು ಮಾಡಿ, ಅಲ್ಲಿಂದ ಡಬ್ಬಿಯನ್ನು ಹೊರಗೆ ಎಳೆಯುವ ಏರ್ಪಾಡು ಮಾಡಿದ್ದ. ಎಲ್ಲ ತೋರಿಸಿದ ಮೇಲೆ ಒಂದು ಪ್ರಶ್ನೆ ಕೇಳಿದ.

“ಮಾಸ್ತರ್ ಸಾಬ್, ಇದು ಎರಡು ದಿನಕ್ಕ ತುಂಬತದ. ಖಾಲಿ ಎಲ್ಲಿ ಮಾಡ್ತೀರಿ?”

“ಯಾರರೆ ಸಿಗತಾರ ಬಿಡು,” ಎಂದರು ಮಾಸ್ತರರು.

ಎಲ್ಲಿ ಎಂದು ಕೇಳಿದ್ದಕ್ಕೆ ಯಾರು ಎಂಬ ಉತ್ತರ ಬಂದದ್ದು ಆಗ ಯಾರಿಗೂ ಹೊಳೆಯಲಿಲ್ಲ. ಪಕ್ಕದಲ್ಲೇ ನಿಂತಿದ್ದ ಅಹಲ್ಯಾಬಾಯಿಗೂ ಹೊಳೆಯಲಿಲ್ಲ.

ಮಾಸ್ತರರು ಚೌಕಳಿ ಹಾಳೆಯ ನೋಟ್‌ಬುಕ್ಕಿನಲ್ಲಿ ಪ್ರಯಾಣದ ಕೋಷ್ಟಕ ಹಾಕಿದರು. ದೂರ ಎಷ್ಟು, ನೆರಳು ಎಲ್ಲಿ, ಮಡಿನೀರಿಗೆ ಬಾವಿ ಯಾವುದು, ಎಲ್ಲ ತುಂಬಿತು. ಡಬ್ಬಿಯ ಅಂಕಣ ಮಾತ್ರ ತುಂಬಲಿಲ್ಲ. ಮಾನ್ವಿಯ ಮನೆಯಲ್ಲಿ ಸುರಿಯುವಂತಿರಲಿಲ್ಲ. ಆ ಮನೆಯ ಗುಂಡಿಯೇ ತುಂಬಿ ಹಿತ್ತಲಿಗೆ ಉಕ್ಕುತ್ತಿದೆ ಎಂದು ಪೂರ್ಣಶ್ರೀ ಮೊದಲೇ ಹೇಳಿದ್ದಳು. ಕಲ್ಮಲದ ಪರಿಚಯದವರನ್ನು ಕೇಳಿದರೆ, ಹಳ್ಳಕ್ಕೆ ಸುರಿಯಿರಿ, ಯಾರು ಕೇಳುತ್ತಾರೆ ಎಂದರು. ಆ ನೀರನ್ನು ಕೆಳಗಿನ ಊರಿನ ದನಗಳು ಕುಡಿಯುತ್ತವೆ ಎಂದು ಮಾಸ್ತರರು ಅವರಿಗೆ ಫೋನಿನಲ್ಲೇ ಕಾಲು ಗಂಟೆ ಪಾಠ ಮಾಡಿದರು. ಅರಕೇರಾದ ಅಂಗಡಿಯವರೊಬ್ಬರು ಕೇರಿಯಿಂದ ಒಬ್ಬನನ್ನು ಕರೆಸುತ್ತೇನೆ ಎಂದಾಗ ಮಾತ್ರ ಸಮಾಧಾನವಾಗಿ ಅಂಕಣದಲ್ಲಿ ಗುರುತು ಹಾಕಿದರು. ಮೂರು ದಿನ ಬಿಟ್ಟು ಅದೇ ಅಂಗಡಿಯವರು ಫೋನ್ ಮಾಡಿ, ಈಗ ಕೇರಿಯವರು ಯಾರೂ ಆ ಕೆಲಸಕ್ಕೆ ಬರುವುದಿಲ್ಲವಂತೆ, ಕಾಲ ಕೆಟ್ಟಿತು ಎಂದು ಬೇಜಾರು ಮಾಡಿಕೊಂಡರು. ಮಾಸ್ತರರೂ ಹೌದೌದು ಎಂದರು. ಹಳ್ಳದ ದನಗಳಿಗಾಗಿ ಅಷ್ಟು ಮರುಗಿದ ಮನುಷ್ಯ ಇದಕ್ಕೆ ಎರಡು ಸಲ ಹೌದು ಅಂದದ್ದು ನನಗಂತೂ ಇವತ್ತಿಗೂ ಸೋಜಿಗ.

ಕೊನೆಗೆ ಒಂದು ದಾರಿ ಕಂಡಿತು. ದೇವದುರ್ಗದಿಂದ ಮಾನ್ವಿಗೆ ಬರುವ ರಸ್ತೆಯಲ್ಲಿ ಒಂದು ಹಳ್ಳಿಯ ಪಂಚಾಯಿತಿಯವರು ಊರೂರಿನ ಗುಂಡಿಗಳ ಹೊಲಸನ್ನು ಟ್ಯಾಂಕರಿನಲ್ಲಿ ತರಿಸಿ, ಒಣಗಿಸಿ ಗೊಬ್ಬರ ಮಾಡುತ್ತಾರೆ ಎಂದು ಯಾರೋ ಹೇಳಿದರು. ಅಲ್ಲಿನ ಅಧಿಕಾರಿ ಹುಲಿಗೇಶ, ಮಾಸ್ತರರ ಹಳೆಯ ವಿದ್ಯಾರ್ಥಿ. ‘ನಮ್ಮ ಹುಲಿಗೇಶ, ಗಣಿತದಲ್ಲಿ ನೂರಕ್ಕೆ ತೊಂಬತ್ತೆಂಟು’ ಎಂದು ಮಾಸ್ತರರು ಬಂದವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದ ಹುಡುಗ. ಡಬ್ಬಿಯ ಅಂಕಣದಲ್ಲಿ ಅವನ ಹೆಸರನ್ನೇ ಬರೆದುಬಿಟ್ಟರು.

ಗಾಡಿ ತಯಾರಾದ ವಾರವೇ ಗೋದಕ್ಕನಿಗೆ ಎರಡನೆಯ ಸಲ ಲಕ್ವಾ ಹೊಡೆಯಿತು. ಮರುದಿನ ಬೆಳಿಗ್ಗೆ ಇಬ್ಬರೂ ಹೊರಟು ಮಾನ್ವಿ ಮುಟ್ಟಿದರು. ಮುಚ್ಚಿಯೇ ಇದ್ದ ಗೋದಕ್ಕನ ಕಣ್ಣು ತಂಗಿಯ ದನಿ ಕೇಳಿ ತೆರೆಯಿತು. ಜೀವವಿದ್ದ ಎಡಗೈಯಿಂದ ಆಕೆ ತಂಗಿಯ ಮಣಿಕಟ್ಟು ಹಿಡಿದಳು. ಎರಡು ದಿನ ಅಹಲ್ಯಾಬಾಯಿ ಆ ಮಂಚಕ್ಕೂ ಬಾಗಿಲಲ್ಲಿ ನಿಂತ ಗಾಡಿಗೂ ಓಡಾಡಿದರು. ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಬಂದು ನೋಡಿ, ಇವತ್ತೋ ನಾಳೆಯೋ ಎಂದು ಹೇಳಿ ಹೋದರು. ಅದೇ ಹೊತ್ತಿಗೆ ಡಬ್ಬಿ ತುಂಬಿತು.

ಗಾಡಿ ಹೋದರೆ ಅದರ ಜೊತೆ ಅಹಲ್ಯಾಬಾಯಿಯೂ ಹೋಗಲೇಬೇಕು. ಆ ಮನೆಯ ಸಂಡಾಸ ಹಿತ್ತಲಿನ ಮೆಟ್ಟಿಲಿಳಿದು ಕುಕ್ಕರಗಾಲಿನಲ್ಲಿ ಕೂಡುವಂಥದ್ದು, ಅವರ ಕೈಲಾಗದು. ಅಕ್ಕನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, “ಮಧ್ಯಾಹ್ನದಾಗ ಬಂದುಬಿಡ್ತೀನಿ ಅಕ್ಕಾ” ಎಂದು ಹೇಳಿ ಗಾಡಿ ಹತ್ತಿದರು. ಬೆಳಗಿನಿಂದ ಬಾಯಿಗೆ ನೀರು ಸಹ ಹಾಕಿರಲಿಲ್ಲ. ಡಬ್ಬಿ ಖಾಲಿಯಾಗುವ ತನಕ ಹೊಟ್ಟೆ ಹಿಡಿದುಕೊಂಡೇ ಕೂಡಬೇಕು.

ಹುಲಿಗೇಶನಿದ್ದ ಹಳ್ಳಿಯ ದಾರಿಯುದ್ದಕ್ಕೂ ಅವರಿಗೆ ಅವನ ಅಪ್ಪ ಉರುಕುಂದಪ್ಪನ ನೆನಪು. ಅವರು ಮದುವೆಯಾಗಿ ಬಂದಾಗ ರಾಯಚೂರಿನ ಮನೆಯಲ್ಲಿ ಇನ್ನೂ ಹಳೆಯ ಸಂಡಾಸವಿತ್ತು. ಹಿಂದಿನ ಸಂದಿಯಿಂದ ಉರುಕುಂದಪ್ಪ ದಿನಾ ಬೆಳಿಗ್ಗೆ ಬಂದು ಬಳಿದುಕೊಂಡು ಹೋಗುತ್ತಿದ್ದ. ಕಲ್ಲಿನ ಮೇಲೆ ತಗಡು ಕೆರೆಯುವ ಸಪ್ಪಳ ಕೇಳಿದ ಕೂಡಲೇ ಕಿಟಕಿ ಹಾಕಬೇಕೆಂದು ಅತ್ತೆ ಕಲಿಸಿದ್ದರು. ಐದು ವರ್ಷ ಅಹಲ್ಯಾಬಾಯಿ ಕಿಟಕಿ ಹಾಕಿದರು, ಒಂದು ದಿನವೂ ಅವನ ಮುಖ ನೋಡಲಿಲ್ಲ. ಮನೆಗೆ ಹೊಸ ಸಂಡಾಸ ಬಂದ ಮೇಲೆ ಅವನು ಬರುವುದು ನಿಂತಿತು. ಅವನು ಏನಾದನೆಂದು ಆ ಮನೆಯಲ್ಲಿ ಯಾರೂ ಕೇಳಲಿಲ್ಲ.

ಹುಲಿಗೇಶ ಗೇಟಿನಲ್ಲೇ ನಿಂತಿದ್ದ. ಐವತ್ತರ ವಯಸ್ಸು, ಕಿವಿಯ ಹತ್ತಿರ ನರೆತ ಕೂದಲು, ಇಸ್ತ್ರಿ ಮಾಡಿದ ಅಂಗಿ. ಇಬ್ಬರಿಗೂ ಕೈ ಮುಗಿದು ಆರೋಗ್ಯ ವಿಚಾರಿಸಿದ. ಶೆಡ್ಡಿನ ಆಚೆ ಸಿಮೆಂಟಿನ ಕಟ್ಟೆ, ಅದರ ಮೇಲೆ ಜಾಲರಿ ಹಾಕಿದ ಗುಂಡಿಯ ಬಾಯಿ, ಪಕ್ಕದಲ್ಲಿ ನಲ್ಲಿ. ಗಾಡಿ ನಿಂತಲ್ಲಿಂದ ನಲವತ್ತು ಹೆಜ್ಜೆ ಇದ್ದೀತು. ಅಲ್ಲಿ ಸುರಿಯಬಹುದು ಎಂದು ತೋರಿಸಿದ.

“ಛಲೋ ಆತು,” ಎಂದರು ಮಾಸ್ತರರು. “ಒಬ್ಬ ಮನಷ್ಯಾನ್ನ ಕಳಸು, ತಗದು ಸುರದು ಬರಲಿ.”

ಹುಲಿಗೇಶ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡ.

“ಸರ, ಜಾಗ ತೋರಸ್ತೀನ್ರೀ. ಮನಷ್ಯಾನ್ನ ತೋರಸಂಗಿಲ್ಲ.”

ದನಿಯಲ್ಲಿ ಸಿಟ್ಟಿರಲಿಲ್ಲ. ಇಲ್ಲಿಗೆ ಬರುವ ಟ್ಯಾಂಕರು ಪೈಪು ಹಚ್ಚಿ ತಾನೇ ಸುರಿದು ಹೋಗುತ್ತದೆ, ಇನ್ನೊಬ್ಬರದನ್ನು ಯಾರೂ ಕೈಯಿಂದ ಎತ್ತಕೂಡದು ಎಂಬುದು ತಾನು ಬಂದ ದಿನ ಮಾಡಿದ ಮೊದಲ ನಿಯಮ, ಗುರುಗಳಿಗಾಗಿಯೂ ಅದನ್ನು ಮುರಿಯಲಾರೆ ಎಂದು ಮೆಲ್ಲಗೆ ಹೇಳಿದ.

ಮಾಸ್ತರರಿಗೂ ಸಿಟ್ಟು ಬರಲಿಲ್ಲ. ಅವರಿಗೆ ನಿಜವಾಗಿಯೂ ತಿಳಿಯಲಿಲ್ಲ. “ಹಂಗಾದ್ರ ಯಾರು ಮಾಡಬೇಕಪಾ?” ಎಂದು ಕೇಳಿದರು. ಹುಲಿಗೇಶ ಕನ್ನಡಕ ಹಾಕಿಕೊಂಡು ಕಟ್ಟೆಯ ಕಡೆ ಮತ್ತೊಮ್ಮೆ ಕೈ ತೋರಿಸಿದ. ಮಾಸ್ತರರು ಗಾಡಿಗೆ ಬಂದು ಸ್ಟೇರಿಂಗ್ ಮುಂದೆ ಕೂತರು.

“ರಾಯಚೂರಿಗೆ ಹೋಗೋಣ, ಅಹಲ್ಯಾ. ಅಲ್ಲಿ ಯಾರನ್ನರೆ ಕರಸೋಣ.”

ರಾಯಚೂರಿಗೆ ಹೋಗಿ, ಯಾರೂ ಒಪ್ಪದ ಕೆಲಸಕ್ಕೆ ಯಾರನ್ನಾದರೂ ಹುಡುಕಿ, ತಿರುಗಿ ಮಾನ್ವಿಗೆ ಬರುವುದೆಂದರೆ ನಾಳೆ ಸಂಜೆ. ಗೋದಕ್ಕನ ಹತ್ತಿರ ನಾಳೆ ಸಂಜೆ ಇರಲಿಲ್ಲ. ಅಹಲ್ಯಾಬಾಯಿ ಗಂಡನ ಕೈಗಳನ್ನು ನೋಡಿದರು. ಸೀಮೆಸುಣ್ಣ ಹಿಡಿದ ಕೈ, ಮೂರು ಹೊತ್ತು ಸಂಧ್ಯಾವಂದನೆ ಮಾಡಿದ ಕೈ. ಈ ಮೂರು ವರ್ಷ ಅವರು ಹೆಂಡತಿಗೆ ಮಾತ್ರೆ ಕೊಟ್ಟಿದ್ದರು, ತೋಳು ಹಿಡಿದು ಎಬ್ಬಿಸಿದ್ದರು, ಈಗ ಗಾಡಿಯನ್ನೇ ಕಟ್ಟಿಸಿದ್ದರು. ಆದರೆ ಸಂಡಾಸಕ್ಕೆ ಓಡಲಾಗದ ದಿನಗಳ ಬೆಡ್‌ಪ್ಯಾನನ್ನು, ಜ್ವರವಿದ್ದರೂ, ತಾವೇ ತೊಳೆದುಕೊಂಡಿದ್ದರು ಅಹಲ್ಯಾಬಾಯಿ. ಅದು ಹಾಗೆಯೇ ಇರಬೇಕಾದದ್ದು ಎಂದುಕೊಂಡಿದ್ದರು. ಈಗ ಅವರಿಗೆ ಗಂಡನ ಮೇಲೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ತಮ್ಮ ಮೇಲೆಯೇ ಬಂತು.

ಅವರು ಕೆಳಗಿಳಿದು ಪಕ್ಕದ ಸಣ್ಣ ಬಾಗಿಲು ತೆರೆದು ಡಬ್ಬಿ ಎಳೆದರು. ಅದು ಅರ್ಧಕ್ಕೆ ಬಂದು ಸಿಕ್ಕಿಕೊಂಡಿತು. ಹೊಟ್ಟೆ ಹಿಂಡಿ ಕಣ್ಣಿಗೆ ಕತ್ತಲೆ ಕಟ್ಟಿತು. ಹುಲಿಗೇಶ ಯಾವಾಗ ಹತ್ತಿರ ಬಂದನೋ, ಅವನ ಕೈ ಡಬ್ಬಿಯ ಹಿಡಿಕೆಯ ಕಡೆ ಚಾಚಿತ್ತು.

“ಬಿಡ್ರಿ ಯವ್ವಾ, ನಾ...”

“ನೀ ಮುಟ್ಟಬ್ಯಾಡ, ಹುಲಿಗೇಶ,” ಎಂದರು ಅಹಲ್ಯಾಬಾಯಿ. “ನಮ್ಮ ಮನೀದನ್ನ ನಿಮ್ಮಪ್ಪ ಮುಟ್ಟಿದ್ದು ಸಾಕು.”

ಅವನ ಕೈ ಹಿಂದಕ್ಕೆ ಹೋಯಿತು. ಅಹಲ್ಯಾಬಾಯಿ ಮತ್ತೊಮ್ಮೆ ಜಗ್ಗಿದರು. ಡಬ್ಬಿ ಧೊಪ್ಪನೆ ನೆಲಕ್ಕೆ ಬಿತ್ತು. ಹೊರುವ ಶಕ್ತಿ ಇರಲಿಲ್ಲ, ಧೂಳಿನಲ್ಲಿ ಎಳೆದುಕೊಂಡು ಎರಡು ಹೆಜ್ಜೆ ಹೋದರು, ಮೂರು ಹೆಜ್ಜೆ ಹೋದರು. ಅಷ್ಟರಲ್ಲಿ ಗಾಡಿಯ ಬಾಗಿಲು ತೆರೆದ ಸಪ್ಪಳವಾಯಿತು.

ಮಾಸ್ತರರು ಹೆಗಲ ಮೇಲಿನ ಶಲ್ಯ ತೆಗೆದು ಸೀಟಿನ ಮೇಲಿಟ್ಟು ಇಳಿದಿದ್ದರು. ಹೆಂಡತಿಯ ಕೈಯಿಂದ ಹಿಡಿಕೆ ತೆಗೆದುಕೊಂಡರು. ಒಂದು ಪಕ್ಕಕ್ಕೆ ವಾಲಿಕೊಂಡು, ಎರಡು ಸಲ ನಿಂತು ಉಸಿರು ತೆಗೆದುಕೊಂಡು, ಕಟ್ಟೆ ಮುಟ್ಟಿದರು. ಮುಚ್ಚಳ ತೆರೆದ ಕೂಡಲೇ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡರು. ಬಾಯಿ ಒರೆಸಿಕೊಂಡು ಮತ್ತೆ ಡಬ್ಬಿ ಎತ್ತಿ ಕೊನೆಯ ತನಕ ಸುರಿದರು, ನಲ್ಲಿಯ ಕೆಳಗೆ ಹಿಡಿದು ತೊಳೆದರು. ಪಂಚೆಯ ಅಂಚೆಲ್ಲ ಹೊಲಸಾಗಿತ್ತು.

ಖಾಲಿ ಡಬ್ಬಿ ಹಿಡಿದು ತಿರುಗಿ ಬಂದವರನ್ನು ಹುಲಿಗೇಶ ತಡೆದ.

“ಸರ, ಕಟ್ಟಿ ಮ್ಯಾಲ ಚೆಲ್ಲೇದ. ತೊಳದು ಬರ್ರಿ. ಇಲ್ಲಿ ತೊಳಿಯೋರು ಯಾರೂ ಇಲ್ಲ.”

ಮಾಸ್ತರರು ಡಬ್ಬಿಯನ್ನು ಗಾಡಿಯೊಳಗೆ ಸೇರಿಸಿ ಕಟ್ಟೆಗೆ ವಾಪಸು ಹೋದರು. ಅಹಲ್ಯಾಬಾಯಿ ಗಾಡಿಯೊಳಗಿನ ಸಂಡಾಸಕ್ಕೆ ಓಡಿದರು. ಅಲ್ಲಿ ಕೂತು, ಪ್ಲೈವುಡ್ಡಿನ ಗೋಡೆಗೆ ತಲೆಯೊರಗಿಸಿ, ಹೊರಗೆ ಪೊರಕೆ ಸಿಮೆಂಟಿಗೆ ತಿಕ್ಕುವ ಸಪ್ಪಳ ಕೇಳಿದರು. ಆಮೇಲೆ ಗಂಡನ ದನಿ ಹತ್ತಿರದಲ್ಲೇ ಕೇಳಿಸಿತು.

“ಹುಲಿಗೇಶ, ನಿಮ್ಮಪ್ಪ ದಿನಾ ಎಷ್ಟು ಮನಿ ಮಾಡ್ತಿದ್ದ?”

“ನಲವತ್ತೆರಡು, ಸರ. ನಿಮ್ಮದು ಹತ್ತೊಂಬತ್ತನೇದು.”

“ಎಷ್ಟು ವರ್ಷ?”

“ಇಪ್ಪತ್ತೆಂಟು.”

ಹೊರಡುವಾಗ ಹುಲಿಗೇಶ ಬಂದಾಗಿನಂತೆಯೇ ಕೈ ಮುಗಿದ. ಹೋಗಲಿ ಬಿಡಿ ಎಂಬಂಥ ಮಾತನ್ನು ಅವನು ಆಡಲಿಲ್ಲ, ಆಡಬೇಕಾದ್ದೂ ಇರಲಿಲ್ಲ.

ಮಾನ್ವಿಯ ದಾರಿಯಲ್ಲಿ ಮಾಸ್ತರರ ತುಟಿ ಅಲುಗುತ್ತಿತ್ತು. ಮಂತ್ರವಲ್ಲ, ಗುಣಾಕಾರ, ನಲವತ್ತು ವರ್ಷ ಜೊತೆಗಿದ್ದವರಿಗೆ ಅಷ್ಟು ಗೊತ್ತಾಗುತ್ತದೆ. ಒಂದು ಬೇವಿನ ಗಿಡದ ಹತ್ತಿರ ಅವರು ಗಾಡಿ ನಿಲ್ಲಿಸಿದರು.

“ನಾಲ್ಕು ಲಕ್ಷ ಇಪ್ಪತ್ತೊಂಬತ್ತು ಸಾವಿರದ ಇನ್ನೂರಾ ನಲವತ್ತು ಸಲ,” ಎಂದರು. “ನಾ ಒಂದು ಸಲ ಹೊತ್ತೆ, ಅಹಲ್ಯಾ.” ಹಾಗೆಂದು ಸ್ಟೇರಿಂಗ್ ಮೇಲೆ ಹಣೆಯಿಟ್ಟು ಅತ್ತರು. ಅಹಲ್ಯಾಬಾಯಿ ಸಮಾಧಾನ ಮಾಡಲಿಲ್ಲ. ಅತ್ತು ಮುಗಿಸಲಿ ಎಂದು ಕಾದು, ಆಮೇಲೆ ಅಕ್ಕ ಕಾಯುತ್ತಿದ್ದಾಳೆ ಎಂದು ನೆನಪಿಸಿದರು.

ಗೋದಕ್ಕ ಇನ್ನೂ ಇದ್ದಳು. ಉಸಿರು ತೇಲುತ್ತಿತ್ತು, ಎಡಗೈ ಮಾತ್ರ ಹಾಸಿಗೆಯ ಮೇಲೆ ಏನನ್ನೋ ತಡವುತ್ತಿತ್ತು. ಮಾಸ್ತರರು ಬಾವಿಯ ಹತ್ತಿರ ಸ್ನಾನ ಮಾಡಿ ಒಳಗೆ ಬಂದು ಮಂಚದ ಕಾಲಿನ ಬಳಿ ಕೂತರು. ಅಹಲ್ಯಾಬಾಯಿ ಆ ಕೈ ಹಿಡಿದುಕೊಂಡರು, ಮರುದಿನ ಬೆಳಿಗ್ಗೆ ಅದು ತಣ್ಣಗಾಗುವ ತನಕ ಬಿಡಲಿಲ್ಲ. ನಡುವೆ ಏಳು ಸಲ ಅವರು ಗಾಡಿಗೆ ಓಡಬೇಕಾಯಿತು. ಆ ಏಳು ಸಲವೂ, ಯಾರೂ ಹೇಳದೆ, ಮಾಸ್ತರರು ಎದ್ದು ಬಂದು ಗೋದಕ್ಕನ ಕೈಯನ್ನು ತಮ್ಮ ಕೈಯಲ್ಲಿ ಹಿಡಿದುಕೊಂಡು ಕೂತಿದ್ದರು.