ಬೀರುವಿನ ಮೇಲಿನ ಡ್ರ್ಯಾಗನ್

ಡ್ರ್ಯಾಗನ್ ಬೀರುವಿನ ಮೇಲಿಂದ ಇಳಿದು ಆಟಗಾರರ ಸಮ್ಮೇಳನಕ್ಕೆ ಹೊರಟಿದ್ದು ರಟ್ಟಿನ ಪೆಟ್ಟಿಗೆಯಲ್ಲಿ, ಅಕ್ಕನ ತೊಡೆಯ ಮೇಲೆ. ಬಸ್ಸಿನುದ್ದಕ್ಕೂ ಅಕ್ಕ ಗೊಣಗಿದಳು. ಅವಳು ಆಸ್ಪತ್ರೆಯಲ್ಲಿ ನರ್ಸು. ರಜೆಯ ದಿನ ಮಲಗುವುದು ಬಿಟ್ಟು ತಂಗಿಯ ಹುಚ್ಚಾಟಕ್ಕೆ ಹೊರೆ ಹೊರುತ್ತಿದ್ದಳು. ತಂಗಿ ಕನ್ನಡಕದಂಗಡಿಯಲ್ಲಿ ಗಾಜು ಉಜ್ಜುವವಳು. ಅಂಗಡಿಯ ಒಡೆದ ಗಾಜನ್ನೇ ಕಣ್ಣು ಮಾಡಿ, ರದ್ದಿ ಕಾಗದ ಅಂಟಿಸಿ, ಬೆಕ್ಕಿನ ಗಾತ್ರದ ಡ್ರ್ಯಾಗನ್ ಕಟ್ಟಿದ್ದಳು. ಈಗ ಅದನ್ನು ಕೊಲ್ಲಲು ಜನ ಬೇಕಿತ್ತು.

ಅದು ಮೇಜಿನ ಸುತ್ತ ಕೂತು ಆಡುವ ಕತೆಯ ಆಟ. ಒಬ್ಬರು ಕತೆ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರವಾಗಿ ತಾವೇನು ಮಾಡುತ್ತೇವೆಂದು ಹೇಳುತ್ತಾರೆ, ಆಗುತ್ತದೋ ಇಲ್ಲವೋ ಎಂದು ದಾಳ ಹೇಳುತ್ತದೆ. ಸಮ್ಮೇಳನದಲ್ಲಿ ಯಾರು ಬೇಕಾದರೂ ಖಾಲಿ ಮೇಜು ಹಿಡಿದು "ಆಟಗಾರರು ಬೇಕು" ಎಂದು ಫಲಕ ಇಡಬಹುದು. ಆದರೆ ಮೂವರು ಕೂರದಿದ್ದರೆ ಮೇಜು ಬೇರೆಯವರ ಪಾಲು. ಹೋದ ವರ್ಷ ತಂಗಿ ಫಲಕದ ಹಿಂದೆ ಒಬ್ಬಳೇ ಕೂತು, ಹೋಗುವವರಿಗೆಲ್ಲ ಹಲ್ಲು ಕಿರಿದು, ಕೊನೆಗೆ ಇಸ್ಪೀಟಿನವರಿಗೆ ಜಾಗ ಬಿಟ್ಟು ಬಂದಿದ್ದಳು. ಈ ಸಲವೂ ಹಾಗಾದರೆ ಡ್ರ್ಯಾಗನ್ ಕಸದ ಗಾಡಿಗೆ ಎಂದು ಅಕ್ಕ ಬಸ್ಸಿನಲ್ಲೇ ತೀರ್ಪು ಕೊಟ್ಟಿದ್ದಳು.

ಮೊದಲು ಬಂದವನು ಒಬ್ಬ ಲಾರಿ ಡ್ರೈವರ್. ಮಗಳನ್ನು ಪಕ್ಕದ ಕೋಣೆಯ ಸ್ಪರ್ಧೆಗೆ ಬಿಟ್ಟು ಕುರ್ಚಿ ಹುಡುಕುತ್ತಿದ್ದ.

"ಇಲ್ಲಿ ಕೂರಬಹುದಾ?"

"ಕೂರಿ. ಆದ್ರೆ ಕೂತ್ರೆ ನೀವು ಯೋಧ."

"ಏನ್ ಬೇಕಾದ್ರೂ ಆಗ್ತೀನಿ, ಏಳು ಅನ್ಬೇಡಿ."

ಎರಡನೆಯವನನ್ನು ತಂಗಿ ದೂರದಿಂದಲೇ ಗುರುತಿಸಿದಳು. ಎಲ್ಲರೂ ಅವನನ್ನು 'ಕಾನೂನು' ಎಂದೇ ಕರೆಯುತ್ತಿದ್ದರು. ನಿಯಮದ ಪುಸ್ತಕ ಕಂಕುಳಲ್ಲಿಟ್ಟುಕೊಂಡು ಮೇಜಿಂದ ಮೇಜಿಗೆ ಅಲೆಯುತ್ತಿದ್ದ. ಅವನು ಕೂತಲ್ಲಿ ಉಳಿದವರಿಗೆ ತುರ್ತು ಕೆಲಸ ನೆನಪಾಗುತ್ತಿತ್ತು. ಬೇಡ ಎನ್ನುವ ಸ್ಥಿತಿಯಲ್ಲಿ ಅವಳಿರಲಿಲ್ಲ.

ಮೇಜುಗಳ ಉಸ್ತುವಾರಿಯ ಹೆಂಗಸು ಬಂದಳು. "ಇಬ್ಬರೇನಾ? ಅಲ್ಲಿ ಜನ ಕಾಯ್ತಿದಾರೆ."

ತಂಗಿ ಅಕ್ಕನ ಮುಖ ನೋಡಿದಳು.

"ನನ್ನ ಕಡೆ ನೋಡಬೇಡ," ಅಂದಳು ಅಕ್ಕ.

"ಸುಮ್ನೆ ಕೂತ್ಕೊ ಸಾಕು. ಬಾಯಿ ಬಿಡಲೇಬೇಡ."

ಅಲ್ಲೇ ಅವಳು ಎಡವಿದ್ದು. ಬಾಯಿ ಬಿಡಬೇಡ ಅಂದಮೇಲೆ ಅಕ್ಕ ಸುಮ್ಮನಿದ್ದದ್ದು ಹುಟ್ಟಿದಾಗಿನಿಂದ ಇರಲಿಲ್ಲ.

"ಎದುರಿಗೆ ಕಪ್ಪು ಕೋಟೆ," ತಂಗಿ ಶುರು ಮಾಡಿದಳು. "ಒಳಗೆ ಏನೋ ಉಸಿರಾಡ್ತಿದೆ. ಬಾಗಿಲಲ್ಲಿ ಒಬ್ಬ ಕಾವಲುಗಾರ." ಕಾವಲುಗಾರ ಅವಳ ಯೋಜನೆಯಲ್ಲೇ ಇರಲಿಲ್ಲ. ಬಾಗಿಲು ಅಂದಮೇಲೆ ಒಬ್ಬ ಇರಲಿ ಎಂದು ಬಾಯಿಗೆ ಬಂದಿದ್ದ.

"ಅವನ ತಲೆ ತೆಗೀತೀನಿ," ಡ್ರೈವರ್ ಕಾಲು ಚಾಚುತ್ತ ಹೇಳಿದ.

"ಮೊದಲು ಯಾರ ಸರದಿ ಅಂತ ನೋಡ್ಬೇಕು," ಎಂದು ಕಾನೂನು ತನ್ನ ಪುಸ್ತಕ ತೆರೆದ.

"ತಡೀರಿ ಇಬ್ರೂ," ಅಂದಳು ಅಕ್ಕ. "ಏನಪ್ಪಾ ಕಾವಲುಗಾರ, ನಿನ್ನ ಡ್ಯೂಟಿ ಯಾವಾಗ ಮುಗಿಯುತ್ತೆ?"

ಅವನ ಪರವಾಗಿ ತಂಗಿಯೇ ಉತ್ತರಿಸಬೇಕು. "ಬೆಳಗ್ಗೆನೇ ಮುಗೀಬೇಕಿತ್ತು."

"ಬದಲಿಯವನು ಬರಲಿಲ್ಲ ಅಲ್ವಾ?"

"ಬರಲಿಲ್ಲ."

"ಎಲ್ಲಾ ಕಡೆ ಇದೇ ಹಣೆಬರಹ. ಕಾಲು ತೋರಿಸು, ಊದಿದೆಯಾ?"

"ಊದಿರುತ್ತೆ ಮೇಡಂ, ನಿಂತೂ ನಿಂತೂ," ಎಂದು ಡ್ರೈವರ್ ತನ್ನ ಯೋಧನ ಕತ್ತಿಯನ್ನು ಒರೆಗೆ ಸೇರಿಸಿದ.

ಆಟವನ್ನು ಬಾಗಿಲೊಳಗೆ ನೂಕಲು ತಂಗಿ ಹೆಣಗಾಡಿದಳು. ಬದಲಿಯವನು ಒಳಗೆ ಹೋಗಿ ಬಂದೇ ಇಲ್ಲ ಎಂದಳು. ಅವನನ್ನು ಏನೋ ತಿಂದಿರಬಹುದು ಎಂದಳು. ಗರ್ಜನೆಯನ್ನೂ ಮಾಡಿದಳು, ಪಕ್ಕದ ಮೇಜಿನವರು ತಿರುಗಿ ನೋಡಿದರು.

"ತಿಂದಿದ್ರೆ ನಾವ್ಯಾಕೆ ಒಳಗೆ ಹೋಗ್ಬೇಕು?" ಅಂದಳು ಅಕ್ಕ. "ಹೊರಗಿಂದ ಚಿಲಕ ಹಾಕಿ, ಇವನನ್ನ ಕರ್ಕೊಂಡು ಹೊರಡೋಣ."

ತಂಗಿ ಕಾನೂನಿನ ಕಡೆ ತಿರುಗಿದಳು. ಇಡೀ ಸಮ್ಮೇಳನದಲ್ಲಿ ಯಾರಿಗಾದರೂ ಅವನು ಬೇಕೆನಿಸಿದ್ದು ಅದೇ ಮೊದಲಿರಬೇಕು. "ಹಾಗೆಲ್ಲ ಮಾಡೋಕೆ ನಿಯಮ ಇದೆಯಾ ಸಾರ್?"

ಅವನು ಪುಟ ತಿರುವಿ ತಿರುವಿ ಪುಸ್ತಕ ಮುಚ್ಚಿದ. "ಮಾಡಬಾರದು ಅಂತ ಎಲ್ಲೂ ಇಲ್ಲ. ಆದ್ರೆ ಅವನು ನಮ್ಮನ್ನ ನಂಬಬೇಕು. ದಾಳ ಹಾಕಿ ಮೇಡಂ."

ಅಕ್ಕ ಹಾಕಿದಳು. ಒಂದು ಬಿತ್ತು, ಸೋಲಿನ ಅಂಕಿ.

"ಡ್ಯೂಟಿ ಬಿಟ್ಟು ಬರೋದಿಲ್ಲ ಅಂತಾನೆ," ತಂಗಿ ಖುಷಿಯಿಂದ ಹೇಳಿ ಪೆಟ್ಟಿಗೆಯ ಮುಚ್ಚಳಕ್ಕೆ ಕೈ ಹಾಕಿದಳು.

"ಹಾಗಾದ್ರೆ ಬದಲಿ ನಾನೇ," ಅಂದ ಡ್ರೈವರ್. "ಅವನು ಹೋಗಿ ಮಲಗಲಿ."

"ಏಳೋದೇ ಇಲ್ಲ ಅಂದ್ರಲ್ಲ ನೀವು?"

"ಕೂತೇ ಕಾಯ್ತೀನಿ."

ಹಿಂದೆ ಯಾರೋ ನಕ್ಕರು. ನೋಡಿದರೆ ಆಗಲೇ ಆರೇಳು ಜನ ನಿಂತಿದ್ದರು. ಆಮೇಲೆ ಕೋಟೆಯೊಳಗೆ ಹೋಗುವ ಮಾತೇ ಇಲ್ಲ. ಕಾವಲುಗಾರನಿಗೆ ಮನೆಯ ದಾರಿ ಮರೆತಿತ್ತು. ಅಕ್ಕ ಜೊತೆಗೆ ಹೋದಳು. ಕಾನೂನು ಬಾಗಿಲ ಡ್ಯೂಟಿಗೆ ಪಾಳಿ ಹಂಚಿದ. ನಿಂತವರೂ ಒಂದೊಂದು ಪಾಳಿ ಕೇಳಿ ಕುರ್ಚಿ ಎಳೆದುಕೊಂಡರು. ಮುಚ್ಚಳದ ಮೇಲಿನ ಕೈಯನ್ನು ತಂಗಿ ಯಾವಾಗ ತೆಗೆದಳೋ ಅವಳಿಗೇ ಗೊತ್ತಾಗಲಿಲ್ಲ.

ಉಸ್ತುವಾರಿಯ ಹೆಂಗಸು ಸಮಯವಾಯಿತೆಂದು ಬಂದಾಗ, ನಾಳೆಯೂ ಇದೇ ಮೇಜಾ ಎಂದು ಇಬ್ಬರು ಕೇಳಿದರು.

"ಅದರಲ್ಲೇನಿದೆ?" ಡ್ರೈವರ್ ಏಳುತ್ತ ಪೆಟ್ಟಿಗೆ ತೋರಿಸಿದ.

"ಡ್ರ್ಯಾಗನ್. ಒಳಗೇ ಇತ್ತು. ನೀವೇ ಬರಲಿಲ್ಲ."

"ಬರದೆ ಇದ್ದಿದ್ದೇ ಒಳ್ಳೇದಾಯ್ತು ಬಿಡಿ."

ವಾಪಸ್ ಬಸ್ಸಿನಲ್ಲಿ ಅಕ್ಕ ಮುಚ್ಚಳ ಎತ್ತಿ ಇಣುಕಿದಳು. "ಮೂತಿ ನೋಡು. ಬದಲಿಯವನನ್ನ ತಿಂದಿರೋದು ಇದೇ." ಮತ್ತೆ ಮುಚ್ಚಿದಳು. "ಬೀರು ಮೇಲೇ ಇರಲಿ."

"ನಾಳೆ ಬರ್ತೀಯಾ?"

"ನನಗೆ ಡ್ಯೂಟಿ ಇದೆ ಕಣೇ."

ಸ್ವಲ್ಪ ದೂರ ಹೋದ ಮೇಲೆ ಅಕ್ಕ ಫೋನ್ ತೆಗೆದು ಜೊತೆಯ ನರ್ಸಿಗೆ ಕರೆ ಮಾಡಿದಳು. "ನಾಳೆ ನನ್ನ ಬದಲಿ ಬರ್ತೀಯೇನೇ?" ಎಂದು ಕೇಳಿ, ಆ ಕಡೆಯ ಬೈಗುಳ ಮುಗಿಯುವವರೆಗೂ ಫೋನನ್ನು ಕಿವಿಯಿಂದ ದೂರ ಹಿಡಿದಳು.