ಝಿವ್ಕೊ ಬೆರಳಿನ ಗುಳಿಗಳು

೧. ಎಲ್ಲಿಂದ ಶುರು ಮಾಡುವುದು? ಸುಬೊತಿತ್ಸಾ ಎಂಬ ಊರಿನ ಗಿಟಾರ್ ರಿಪೇರಿ ಅಂಗಡಿಯ ಬಾಗಿಲಿನಿಂದಲೇ ಇರಲಿ ಎಂದು, "ಅಣ್ಣ ಸತ್ತ ಮೇಲೆ ದೆಸಾಂಕಾ ಅವನ ಗಿಟಾರ್ ಹೊತ್ತು ಬಂದಳು" ಎಂದು ಬರೆದೆ.

"ಯಾರು ಸತ್ತಿದ್ದು?" ದೆಸಾಂಕಾ ನನ್ನ ಮೇಲೇ ತಿರುಗಿಬಿದ್ದಳು. "ಅಣ್ಣ ಮನೇಲಿ ಕೂತು ಬೀನ್ಸ್ ಸೂಪ್ ಕುಡೀತಿದ್ದಾನೆ. ಲಕ್ವ ಹೊಡೆದು ಎಡಗೈ ಬಿದ್ದುಹೋಗಿದೆ, ಅಷ್ಟೆ. ನಿನ್ನ ಕಥೆಗೆ ಕಣ್ಣೀರು ಬೇಕು ಅಂತ ಅವನನ್ನ ಹೂಳ್ತೀಯಾ?"

(ಸರಿ ತಾಯಿ. ಹೊಡೆದುಹಾಕಿದೆ.)

೨. ಬದುಕಿರುವ ಅಣ್ಣ ಝಿವ್ಕೊ ಮದುವೆ ಮೇಳದಲ್ಲಿ ಬಾರಿಸಿಯೇ ತಲೆ ನರೆಸಿಕೊಂಡವನು. ಅವನು ಒತ್ತಿ ಒತ್ತಿ ಫ್ರೆಟ್‌ಗಳಲ್ಲಿ, ಅಂದರೆ ಗಿಟಾರಿನ ಕತ್ತಿನ ಮೇಲಿನ ಲೋಹದ ಅಡ್ಡಪಟ್ಟಿಗಳಲ್ಲಿ, ಗುಳಿ ಬಿದ್ದಿವೆ. ಆ ಗುಳಿಗಳನ್ನು ತಡವಿ ತಡವಿಯೇ ದೆಸಾಂಕಾ ಬೆರಳಿಡಲು ಕಲಿತದ್ದು. ಮೇಳದಲ್ಲಿ ಅಣ್ಣನ ಜಾಗಕ್ಕೆ ಕೂತವಳೂ ಅವಳೇ. ಆದರೆ ಗುಳಿ ಆಳವಾಗಿ ಈಗ ತಂತಿ ಝರ್ರೆನ್ನುತ್ತದೆ. ಶನಿವಾರದ ಮದುವೆಗೆ ಸರಿಯಾಗದಿದ್ದರೆ ಬೇರೆಯವರನ್ನು ಕರೆಯುತ್ತೇವೆ ಎಂದಿದ್ದಾರೆ ಮೇಳದವರು.

೩. "ಈ ಫ್ರೆಟ್ ಕಿತ್ತು ಸ್ಟೀಲಿಂದು ಹಾಕ್ತೀನಿ," ಎಂದ ರಿಪೇರಿಯ ಪಿಶ್ತಾ. "ನನ್ನ ಅರಗಳೆಲ್ಲ ಮೊಂಡಾಗ್ತವೆ, ಆಗ್ಲಿ ಬಿಡು. ನೀನು ಹಣ್ಣು ಮುದುಕಿ ಆದ್ರೂ ಇದು ಸವೆಯಲ್ಲ ಕಣಮ್ಮ."

"ಅಂದ್ರೆ ನನ್ನ ಬೆರಳಿನ ಗುರುತೂ ಮೂಡಲ್ಲ."

"ಮೂಡಿ ಏನಾಗ್ಬೇಕು?"

ಅವಳು ಮೊದಲ ಗುಳಿಯ ಮೇಲೆ ಬೆರಳಿಟ್ಟಳು. (ಏನಾಗಬೇಕೋ ನನಗಂತೂ ಗೊತ್ತಿಲ್ಲ. ಕಥೆಗಾರ ಅಂತ ಹೆಸರು ಬೇರೆ ಕೇಡು.) ಗುಳಿ ತೆಗೆಸಿದರೆ ಅಣ್ಣ ಇನ್ನು ಬಾರಿಸುವುದಿಲ್ಲವೆಂದು ಅವಳೇ ಒಪ್ಪಿಕೊಂಡಂತೆ. ತೆಗೆಸದಿದ್ದರೆ ಮೇಳ ಕೈತಪ್ಪುತ್ತದೆ. ಅತ್ತ ದರಿ, ಇತ್ತ ಪುಲಿ. ಅವಳಿಗೆ ಅಳು ಬಂತು.

೪. ಮುಕ್ತಾಯ ಅ: ಗಿಟಾರ್ ಎತ್ತಿಕೊಂಡು ಮನೆಗೆ ಹೋಗುತ್ತಾಳೆ. (ಸಪ್ಪೆ.)

ಮುಕ್ತಾಯ ಆ: ಅಣ್ಣನಿಗೆ ಫೋನ್ ಮಾಡುತ್ತಾಳೆ.

"ತೆಗ್ಸು," ಝಿವ್ಕೊ ತೊದಲಿದ. "ಅದೇನು ದೇವರ ಪಾದಾನಾ? ಬೇಕಿಲ್ಲದಷ್ಟು ಒತ್ತೋದು ನನ್ನ ಕೆಟ್ಟ ಚಾಳಿ. ಅದಕ್ಕೇ ಗುಳಿ ಬಿದ್ದಿದ್ದು. ನೀನೂ ಅದನ್ನೇ ಕಲ್ತೆ."

"ಹಾಗಾದ್ರೆ ಇಷ್ಟು ದಿನ ನಾನು ಬಾರಿಸಿದ್ದು?"

"ತಪ್ಪೇ ಕಣೇ. ಥೇಟ್ ನನ್ನ ಹಾಗೆ."

ಅವನು ನಕ್ಕನೋ ಅತ್ತನೋ ಫೋನಿನಲ್ಲಿ ತಿಳಿಯಲಿಲ್ಲ.

ಮುಕ್ತಾಯ ಇ: (ಪಿಶ್ತಾ ಇಕ್ಕಳ ಕೈಗೆತ್ತಿಕೊಂಡ, ಮೊದಲ ಫ್ರೆಟ್ ಕಿತ್ತ, ಎಂದು ಬರೆಯಹೊರಟೆ. ದೆಸಾಂಕಾ ತಡೆದಳು.)

"ಇರು. ಅಣ್ಣ ಇನ್ನೂ ಫೋನಲ್ಲಿ ಇದ್ದಾನೆ, ಒಂದು ಸಲ ಬಾರಿಸ್ತೀನಿ. ಆಮೇಲೆ ಏನಾದ್ರೂ ಬರ್ಕೋ."

ಬಾರಿಸುತ್ತಿದ್ದಾಳೆ. ಅತ್ತ ಕಡೆ ಝಿವ್ಕೊ ಫೋನ್ ಇಟ್ಟಿಲ್ಲ. ಇಕ್ಕಳ ಕೆಳಗಿಡಲೋ ಬೇಡವೋ ತಿಳಿಯದೆ ಪಿಶ್ತಾ ನನ್ನ ಮುಖ ನೋಡುತ್ತಾನೆ. ನಾನು ಅವಳ ಮುಖ ನೋಡುತ್ತೇನೆ. ಹಾಡು ಮುಗಿಯುತ್ತಾ ಬಂತು. ಅವಳು ಮತ್ತೆ ಮೊದಲಿನಿಂದ ಎತ್ತಿಕೊಂಡಳು.